‘ಶಾಂತಗೊಳಿಸುತ್ತದೆ’ ಎಂದರೆ ಏನು? ಬ್ಯಾಕ್ಲೊಫೆನ್ ಮತ್ತು ಮಿದುಳುಕಾಂಡದ ನರಕೋಶಗಳು

ಸ್ನಾಯು ಸೆಡೆತಕ್ಕೆ ಕೊಡುವ ಬ್ಯಾಕ್ಲೊಫೆನ್ ಎಂಬ ಔಷಧದ ವಿವರಣೆಯನ್ನು ಎಲ್ಲಿ ಓದಿದರೂ ಹೆಚ್ಚುಕಡಿಮೆ ಒಂದೇ ಅರ್ಥದ ವಾಕ್ಯ ಎದುರಾಗುತ್ತದೆ: ಇದು ಮಿದುಳುಬಳ್ಳಿಯ ಮತ್ತು ಮಿದುಳುಕಾಂಡದ ನರಕೋಶಗಳನ್ನು ಶಾಂತಗೊಳಿಸಿ, ಆ ಮೂಲಕ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ವಾಕ್ಯ ಚಿಕ್ಕದು, ನೆನಪಿಡಲು ಸುಲಭ, ಪರೀಕ್ಷೆಯಲ್ಲಿ ಬರೆದರೆ ಅಂಕವೂ ಸಿಗುತ್ತದೆ. ಆದರೆ ಅದರಲ್ಲಿರುವ ‘ಸ್ನಾಯು ಸಡಿಲಕ’, ‘ಮಿದುಳುಕಾಂಡ’, ‘ಶಾಂತ’ ಎಂಬ ಮೂರು ಪದಗಳೂ ಓದುಗರನ್ನು ಒಂದಿಷ್ಟು ದಾರಿ ತಪ್ಪಿಸುತ್ತವೆ. ನಾನು ಭೌತವಿಜ್ಞಾನದ ಮೇಷ್ಟ್ರು. ಔಷಧಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೂ ಏನನ್ನು ಅಳೆದರು, ಏನನ್ನು ಊಹಿಸಿದರು ಎಂದು ಬೇರ್ಪಡಿಸಿ ಕೇಳುವುದಕ್ಕೆ ಕ್ಷೇತ್ರದ ಹಂಗಿಲ್ಲ. ಆ ದೃಷ್ಟಿಯಿಂದ ಈ ವಾಕ್ಯವನ್ನು ನಿಮ್ಮೊಂದಿಗೆ ಪರಿಶೀಲಿಸುತ್ತೇನೆ.

ಮೊದಲು ಹೆಸರಿನ ಗೊಂದಲ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಅರಿವಳಿಕೆ ತಜ್ಞರು ಬಳಸುವ ಸಕ್ಸಿನೈಲ್‌ಕೋಲಿನ್, ವೆಕ್ಯುರೋನಿಯಮ್ ಮೊದಲಾದವನ್ನೂ ಸ್ನಾಯು ಸಡಿಲಕಗಳೆನ್ನುತ್ತಾರೆ. ಇವು ನರವು ಸ್ನಾಯುವನ್ನು ಸೇರುವ ಸಂಧಿಯಲ್ಲಿ ಕುಳಿತು ಅಲ್ಲಿನ ಸಂದೇಶವನ್ನು ತಡೆಯುತ್ತವೆ. ವಿದ್ಯುದಾವೇಶ ಹೊತ್ತ ಅಣುಗಳಾದ್ದರಿಂದ ರಕ್ತದಿಂದ ಮಿದುಳಿಗೆ ಇವು ದಾಟುವುದು ಅತ್ಯಲ್ಪ. ಬ್ಯಾಕ್ಲೊಫೆನ್ ಇದಕ್ಕೆ ತದ್ವಿರುದ್ಧ. ಅದು ಸ್ನಾಯುವನ್ನಾಗಲಿ ನರಸ್ನಾಯು ಸಂಧಿಯನ್ನಾಗಲಿ ಮುಟ್ಟುವುದಿಲ್ಲ. ಅದರ ಮುಖ್ಯ ಕೆಲಸ ಕೇಂದ್ರ ನರಮಂಡಲದಲ್ಲಿ. ಒಂದೇ ಹೆಸರಿನಡಿ ಈ ಎರಡು ಬಗೆಗಳನ್ನು ಸೇರಿಸಿದ್ದರಿಂದ ಆಗಬಹುದಾದ ಅಪಾಯ ಸಣ್ಣದಲ್ಲ. ಅದರ ಬಗ್ಗೆ ಕೊನೆಯಲ್ಲಿ ಬರೆಯುತ್ತೇನೆ.

ಈ ಔಷಧದ ಹುಟ್ಟಿನ ಕಥೆಯನ್ನೂ ಪುಸ್ತಕಗಳು ತುಸು ನೇರವಾಗಿಯೇ ಹೇಳಿಬಿಡುತ್ತವೆ. ಗಾಬಾ ಎಂಬುದು ಮಿದುಳಿನ ಮುಖ್ಯ ಪ್ರತಿಬಂಧಕ ರಾಸಾಯನಿಕ. ಅದನ್ನು ನುಂಗಿದರೆ ಮಿದುಳನ್ನು ಸೇರುವುದಿಲ್ಲ. ಆದ್ದರಿಂದ ಅದಕ್ಕೆ ಕ್ಲೋರಿನ್ ಪರಮಾಣುವಿರುವ ಒಂದು ಬೆಂಜೀನ್ ಉಂಗುರವನ್ನು ಜೋಡಿಸಿದರೆ ದಾಟೀತು ಎಂಬ ಆಲೋಚನೆಯಿಂದ 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯಲ್ಲಿ ಹೈನ್ರಿಚ್ ಕೆಬರ್ಲೆ ಬ್ಯಾಕ್ಲೊಫೆನ್ ತಯಾರಿಸಿದರು. ಉದ್ದೇಶ ಅಪಸ್ಮಾರದ ಚಿಕಿತ್ಸೆ. ಅದರಲ್ಲಿ ಫಲ ಸಿಗಲಿಲ್ಲ. ಸ್ನಾಯು ಸೆಡೆತದಲ್ಲಿ ಸಿಕ್ಕಿತು. ಇಷ್ಟು ಸರಿ. ಆದರೆ ‘ಗಾಬಾದಂತೆ ಕೆಲಸ ಮಾಡುವಂತೆ ವಿನ್ಯಾಸಗೊಳಿಸಿದ್ದು, ಹಾಗೆಯೇ ಕೆಲಸ ಮಾಡಿತು’ ಎಂಬ ಮುಂದಿನ ಮಾತು ಸರಿಯಲ್ಲ. ಆಗ ತಿಳಿದಿದ್ದ ಗಾಬಾ ಗ್ರಾಹಕದ ಮೇಲೆ ಬ್ಯಾಕ್ಲೊಫೆನ್ ಏನೂ ಮಾಡುತ್ತಿರಲಿಲ್ಲ. ಆ ಗ್ರಾಹಕವನ್ನು ತಡೆಯುವ ಬೈಕುಕುಲಿನ್ ಹಾಕಿದರೂ ಬ್ಯಾಕ್ಲೊಫೆನ್‌ನ ಪರಿಣಾಮ ಕುಗ್ಗುತ್ತಿರಲಿಲ್ಲ. ನಾರ್ಮನ್ ಬೌರಿ ಮತ್ತು ಸಂಗಡಿಗರು 1980–81ರಲ್ಲಿ ಗಾಬಾಕ್ಕೆ ಬೇರೆಯದೇ ಬಗೆಯ ಗ್ರಾಹಕವೊಂದಿದೆ ಎಂದು ತೋರಿಸಿ ಅದಕ್ಕೆ ಗಾಬಾ-ಬಿ ಎಂದು ಹೆಸರಿಟ್ಟ ಮೇಲೆ ವಿಷಯ ಸ್ಪಷ್ಟವಾಯಿತು. ಆ ಗ್ರಾಹಕದ ಜೀನು ಕೈಗೆ ಸಿಕ್ಕಿದ್ದು 1997ರಲ್ಲಿ. ಕೀಲಿಕೈ ಮೊದಲು ಬಂದಿತ್ತು. ಬೀಗ ಯಾವುದೆಂದು ತಿಳಿಯಲು ಹದಿನೆಂಟು ವರ್ಷ ಬೇಕಾಯಿತು.

ಈಗ ‘ಶಾಂತಗೊಳಿಸುತ್ತದೆ’ ಎಂಬ ಪದಕ್ಕೆ ಬರೋಣ. ನರಕೋಶದ ಪೊರೆಯ ಮೇಲೆ ಗಾಬಾ-ಬಿ ಗ್ರಾಹಕ ಪ್ರಚೋದನೆಗೊಂಡಾಗ ಒಳಗಿನ ಜಿ-ಪ್ರೋಟೀನ್ ಮೂಲಕ ಪೊಟ್ಯಾಸಿಯಮ್ ನಾಲೆಗಳು ತೆರೆಯುತ್ತವೆ. ಇದರ ಫಲವನ್ನು ಪಿಯುಸಿ ಮಟ್ಟದ ವಿದ್ಯುತ್ ಪಾಠದಿಂದಲೇ ಲೆಕ್ಕ ಹಾಕಬಹುದು. ಕೋಶದೊಳಗೆ ಪೊಟ್ಯಾಸಿಯಮ್ ಸಾರತೆ ಲೀಟರಿಗೆ 140 ಮಿಲಿಮೋಲ್, ಹೊರಗೆ 4 ಎಂದಿಟ್ಟುಕೊಳ್ಳಿ. ಅನುಪಾತ 35. ದೇಹದ ಉಷ್ಣತೆಯಲ್ಲಿ ನರ್ನ್ಸ್ಟ್ ಸೂತ್ರದ ಪ್ರಕಾರ ಇದರ ಲಾಗರಿದಮನ್ನು 61.5ರಿಂದ ಗುಣಿಸಿದರೆ 95 ಮಿಲಿವೋಲ್ಟ್ ಬರುತ್ತದೆ, ಒಳಭಾಗ ಋಣ. ಅಂದರೆ ತೆರೆದ ಪೊಟ್ಯಾಸಿಯಮ್ ನಾಲೆ ಋಣ 95 ಮಿಲಿವೋಲ್ಟಿನ ಒಂದು ಕೋಶವಿದ್ದಂತೆ. ವಿಶ್ರಾಂತ ಸ್ಥಿತಿಯ ಪೊರೆಯನ್ನು ಋಣ 65 ಮಿಲಿವೋಲ್ಟಿನ, 10 ನ್ಯಾನೊಸೀಮೆನ್ಸ್ ವಾಹಕತೆಯ ಇನ್ನೊಂದು ಕೋಶವೆಂದು ಭಾವಿಸಿ, ಎರಡನ್ನೂ ಸಮಾಂತರವಾಗಿ ಜೋಡಿಸಿ. ಔಷಧವು ಕೇವಲ 2 ನ್ಯಾನೊಸೀಮೆನ್ಸಿನಷ್ಟು ನಾಲೆಗಳನ್ನು ತೆರೆದರೆ ಪೊರೆಯ ವಿಭವ ಋಣ 70ಕ್ಕೆ ಇಳಿಯುತ್ತದೆ. ಬರೀ 5 ಮಿಲಿವೋಲ್ಟ್ ವ್ಯತ್ಯಾಸ, ಇದೇನು ಮಹಾ ಎನ್ನಿಸಬಹುದು. ಆದರೆ ಕೋಶ ಸ್ಪಂದಿಸಲು ಋಣ 50 ಮಿಲಿವೋಲ್ಟ್ ತಲುಪಬೇಕು ಎಂದಿಟ್ಟುಕೊಂಡು ಬೇಕಾದ ವಿದ್ಯುತ್ ಪ್ರವಾಹವನ್ನು ಲೆಕ್ಕ ಹಾಕಿ. ಮೊದಲು 15 ಮಿಲಿವೋಲ್ಟ್ ಏರಿಸಲು 10 ನ್ಯಾನೊಸೀಮೆನ್ಸಿಗೆ 150 ಪಿಕೋ ಆಂಪಿಯರ್ ಸಾಕಾಗಿತ್ತು. ಈಗ 20 ಮಿಲಿವೋಲ್ಟ್ ಏರಿಸಬೇಕು, ವಾಹಕತೆಯೂ 12, ಬೇಕಾದದ್ದು 240. ವಾಹಕತೆ ಶೇಕಡಾ 20 ಹೆಚ್ಚಿದರೆ ಪ್ರಚೋದನೆಯ ವೆಚ್ಚ ಶೇಕಡಾ 60 ಹೆಚ್ಚುತ್ತದೆ. ತೂತು ಬಿದ್ದ ಬಕೆಟ್ಟನ್ನು ತುಂಬಿಸುವ ಕಷ್ಟ ಇದು. ‘ಶಾಂತ’ ಎಂಬ ಪದ ಈ ಸೋರಿಕೆಯನ್ನು ಮುಚ್ಚಿಡುತ್ತದೆ. ಕೋಶ ಮಲಗಿಲ್ಲ, ಅದನ್ನು ಎಬ್ಬಿಸಲು ದುಬಾರಿ ತೆರಬೇಕಾಗಿದೆ.

ಇದು ಸಂದೇಶ ಪಡೆಯುವ ಕೋಶದ ಮಾತು. ಸಂದೇಶ ಕಳಿಸುವ ನರತುದಿಯಲ್ಲಿ ಬ್ಯಾಕ್ಲೊಫೆನ್ ಇನ್ನೊಂದು ಕೆಲಸ ಮಾಡುತ್ತದೆ. ಮಿದುಳುಕಾಂಡದ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಶುದ್ಧವಾದ ಮಾಹಿತಿ ಇಲ್ಲಿಯದು. ಪಾನ್ಸ್ ಭಾಗದಲ್ಲಿ, ಶಬ್ದ ಯಾವ ದಿಕ್ಕಿನಿಂದ ಬಂತೆಂದು ಗುರುತಿಸುವ ಮಂಡಲದಲ್ಲಿ, ಹೆಲ್ಡ್‌ನ ಬಟ್ಟಲು ಎಂದು ಕರೆಯುವ ಒಂದು ನರತುದಿ ಇದೆ. 1893ರಲ್ಲಿ ಹಾನ್ಸ್ ಹೆಲ್ಡ್ ವರ್ಣಿಸಿದ್ದು. ಸಾಮಾನ್ಯ ನರತುದಿಗಳು ಮೈಕ್ರೋಮೀಟರಿನಷ್ಟು ಸಣ್ಣವು. ಇದು ಮುಂದಿನ ಕೋಶವನ್ನು ಅಂಗೈಯಂತೆ ಹಿಡಿದುಕೊಂಡಿರುವಷ್ಟು ದೊಡ್ಡದು. ಹೀಗಾಗಿ ಗಾಜಿನ ಸೂಕ್ಷ್ಮನಳಿಕೆಯನ್ನು ಕಳಿಸುವ ತುದಿಗೂ ಅಂಟಿಸಬಹುದು, ಪಡೆಯುವ ಕೋಶಕ್ಕೂ ಅಂಟಿಸಬಹುದು. ಕಾರಣ ಮತ್ತು ಪರಿಣಾಮ ಎರಡನ್ನೂ ಒಂದೇ ಸಂಧಿಯಲ್ಲಿ, ಒಂದೇ ಕ್ಷಣದಲ್ಲಿ ಅಳೆಯುವ ಇಂಥ ಅವಕಾಶ ಮಿದುಳಿನಲ್ಲಿ ಅಪರೂಪ.

ಜಪಾನಿನ ತಕಹಾಶಿ ಮತ್ತು ಸಂಗಡಿಗರು 1998ರಲ್ಲಿ ಇಲಿಯ ಮಿದುಳುಕಾಂಡದ ಹೋಳುಗಳಲ್ಲಿ ಈ ಅಳತೆ ಮಾಡಿದರು. ಬ್ಯಾಕ್ಲೊಫೆನ್ ಹಾಕಿದಾಗ ಪಡೆಯುವ ಕೋಶದ ಪ್ರಚೋದಕ ಪ್ರವಾಹ ಕುಸಿಯಿತು. ಕಳಿಸುವ ತುದಿಯಲ್ಲಿ ಕ್ಯಾಲ್ಸಿಯಮ್ ಪ್ರವಾಹ ತಗ್ಗಿತು. ಆದರೆ ಅದೇ ತುದಿಯ ಪೊಟ್ಯಾಸಿಯಮ್ ಪ್ರವಾಹದಲ್ಲಿ ಬದಲಾವಣೆ ಕಾಣಲಿಲ್ಲ. ಈ ಕೊನೆಯ ಫಲಿತಾಂಶವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಗ್ರಾಹಕ ಒಂದೇ, ಔಷಧ ಒಂದೇ. ಕೋಶದೇಹದಲ್ಲಿ ತೆರೆಯುವ ಪೊಟ್ಯಾಸಿಯಮ್ ದಾರಿ ಈ ತುದಿಯಲ್ಲಿ ತೆರೆಯಲಿಲ್ಲ. ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಎರಡೂ ಬಾಣಗಳನ್ನು ಒಂದೇ ಕಡೆ ಬರೆದಿರುವುದನ್ನು ನೀವು ಕಂಡಿರಬಹುದು.

ಕ್ಯಾಲ್ಸಿಯಮ್ ಸ್ವಲ್ಪ ತಗ್ಗಿದರೆ ಸಂದೇಶ ಅಷ್ಟೇಕೆ ಕುಸಿಯಬೇಕು? ಕಪ್ಪೆಯ ನರಸ್ನಾಯು ಸಂಧಿಯಲ್ಲಿ ಡಾಜ್ ಮತ್ತು ರಹಮಿಮಾಫ್ 1967ರಲ್ಲಿ ಕಂಡುಕೊಂಡಂತೆ, ನರಪ್ರೇಷಕದ ಬಿಡುಗಡೆ ಕ್ಯಾಲ್ಸಿಯಮ್‌ನ ಸುಮಾರು ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ಕ್ಯಾಲ್ಸಿಯಮ್ ಶೇಕಡಾ 20 ಇಳಿದರೆ ಉಳಿಯುವುದು 0.8ರ ನಾಲ್ಕನೆಯ ಘಾತ, ಅಂದರೆ ಶೇಕಡಾ 41. ಅರ್ಧಕ್ಕಿಂತ ಹೆಚ್ಚು ಸಂದೇಶ ನಷ್ಟ. ಇಷ್ಟರಲ್ಲೇ ಎಲ್ಲ ಮುಗಿಯಿತು ಎಂದುಕೊಂಡವರಿಗೆ ಸಕಾಬಾ ಮತ್ತು ಎರ್ವಿನ್ ನೇಹರ್ 2003ರಲ್ಲಿ ಅದೇ ಬಟ್ಟಲಿನಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಖರ್ಚಾದ ನರಪ್ರೇಷಕದ ಕೋಶಿಕೆಗಳ ಜಾಗಕ್ಕೆ ಹೊಸವು ಸಿದ್ಧವಾಗಿ ಬರುವುದನ್ನೂ ಬ್ಯಾಕ್ಲೊಫೆನ್ ನಿಧಾನಗೊಳಿಸುತ್ತದೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿದ್ದಲ್ಲದೆ ಗೋದಾಮಿನಿಂದ ಸರಕು ಬರುವುದೂ ತಡವಾದ ಹಾಗೆ. ಬಿಡಿ ಸಂದೇಶಗಳಿಗಿಂತ ಎಡೆಬಿಡದೆ ಬರುವ ಸಂದೇಶಗಳ ಸಾಲಿನಲ್ಲಿ ಈ ಎರಡನೆಯ ಪರಿಣಾಮದ ತೂಕ ಹೆಚ್ಚು.

ಇಷ್ಟು ಹೊಗಳಿದ ಮೇಲೆ ಈ ಪ್ರಯೋಗಗಳ ಮಿತಿಯನ್ನೂ ಹೇಳಬೇಕು. ಇಂಥ ಅಳತೆಗಳು ಸಾಮಾನ್ಯವಾಗಿ ಹುಟ್ಟಿ ಎರಡು ವಾರದ ಆಸುಪಾಸಿನ ಇಲಿಮರಿಗಳಲ್ಲಿ, ಬಹುಮಟ್ಟಿಗೆ ಕೊಠಡಿಯ ಉಷ್ಣತೆಯಲ್ಲಿ ನಡೆದವು. ಅಲ್ಲದೆ ಹೆಲ್ಡ್‌ನ ಬಟ್ಟಲು ಕಿವಿಯ ವ್ಯವಸ್ಥೆಯದು. ಸ್ನಾಯುವಿನ ಬಿಗಿತಕ್ಕಾಗಲಿ ಬಿಕ್ಕಳಿಕೆಗಾಗಲಿ ಸಂಬಂಧಿಸಿದ್ದಲ್ಲ. ಅಳೆಯಲು ಅನುಕೂಲವಾದ ಜಾಗ ಅದು, ನಮ್ಮ ಪ್ರಶ್ನೆಯ ಜಾಗವಲ್ಲ. ಇನ್ನೊಂದು ಆಕ್ಷೇಪ ಪ್ರಮಾಣದ್ದು. ಮಾತ್ರೆ ತೆಗೆದುಕೊಳ್ಳುವ ರೋಗಿಯ ರಕ್ತದಲ್ಲಿ ಬ್ಯಾಕ್ಲೊಫೆನ್ ಲೀಟರಿಗೆ 0.1ರಿಂದ 0.4 ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಅಣುತೂಕ ಸುಮಾರು 214. ಭಾಗಿಸಿದರೆ ಅರ್ಧದಿಂದ ಎರಡು ಮೈಕ್ರೊಮೋಲ್. ಮಿದುಳಿನ ದ್ರವದಲ್ಲಿ ಇನ್ನೂ ಕಡಿಮೆ. ಹೋಳುಗಳ ಪ್ರಯೋಗದಲ್ಲಿ ಹತ್ತಾರು ಮೈಕ್ರೊಮೋಲ್ ಸುರಿಯುವುದು ವಾಡಿಕೆ. ಆದ್ದರಿಂದ ‘ಮಿದುಳುಕಾಂಡದ ನರಕೋಶದ ಮೇಲೆ ಬ್ಯಾಕ್ಲೊಫೆನ್‌ನ ಪರಿಣಾಮ’ ಎಂಬ ಶೀರ್ಷಿಕೆ ಕಂಡಾಗ ಮೊದಲು ಸಾರತೆ ಎಷ್ಟೆಂದು ನೋಡುವುದು ಒಳ್ಳೆಯದು.

ಹಾಗಾದರೆ ರೋಗಿಯಲ್ಲಿ ಔಷಧ ಕೆಲಸ ಮಾಡುವುದು ಮಿದುಳುಕಾಂಡದಲ್ಲೇ? ಸೆಡೆತದ ಮಟ್ಟಿಗೆ ಮುಖ್ಯ ಉತ್ತರ ಮಿದುಳುಬಳ್ಳಿ ಎಂದೇ. ಅಪಘಾತದಲ್ಲಿ ಮಿದುಳುಬಳ್ಳಿ ಪೂರ್ತಿ ತುಂಡಾದವರಲ್ಲೂ ತುಂಡಾದ ಜಾಗದ ಕೆಳಗಿನ ಸೆಡೆತವನ್ನು ಬ್ಯಾಕ್ಲೊಫೆನ್ ತಗ್ಗಿಸುತ್ತದೆ. ಅಲ್ಲಿಗೆ ಮಿದುಳುಕಾಂಡದ ಅಪ್ಪಣೆ ತಲುಪುವ ದಾರಿಯೇ ಇಲ್ಲ. 1984ರಿಂದ ಬಂದ ಇನ್ನೊಂದು ಕ್ರಮದಲ್ಲಿ ಔಷಧವನ್ನು ಪಂಪಿನ ಮೂಲಕ ನೇರವಾಗಿ ಮಿದುಳುಬಳ್ಳಿಯ ಸುತ್ತಲಿನ ದ್ರವಕ್ಕೆ ಬಿಡುತ್ತಾರೆ. ಬಾಯಿಂದ ಹತ್ತಾರು ಮಿಲಿಗ್ರಾಂ ಬೇಕಾದ ಕಡೆ ಇಲ್ಲಿ ದಿನಕ್ಕೆ ಕೆಲವು ನೂರು ಮೈಕ್ರೊಗ್ರಾಂ ಸಾಕು. ಹೀಗೆ ಬಿಟ್ಟಾಗ ಸೊಂಟದ ಮಟ್ಟದ ಸಾರತೆಗೂ ಮಿದುಳಿನ ಬುಡದ ಸಾರತೆಗೂ ಸುಮಾರು 4:1 ಅನುಪಾತ ಕಂಡುಬರುತ್ತದೆ. ಮೇಲೆ ಕಡಿಮೆ ತಲುಪಿಯೂ ಕಾಲಿನ ಸೆಡೆತ ಇಳಿಯುತ್ತದೆ.

ಮಿದುಳುಕಾಂಡದ ಪಾತ್ರ ಕಾಣುವುದು ಬೇರೆ ರೋಗಗಳಲ್ಲಿ. ಮುಖದ ನರದಲ್ಲಿ ಮಿಂಚಿನಂತೆ ಬರುವ ಟ್ರೈಜೆಮಿನಲ್ ನೋವಿಗೆ ಸಂಬಂಧಿಸಿ ಫ್ರಾಮ್ ಮತ್ತು ಸಂಗಡಿಗರು 1980ರಲ್ಲಿ ಬೆಕ್ಕುಗಳ ಮಿದುಳುಕಾಂಡದ ಟ್ರೈಜೆಮಿನಲ್ ಕೇಂದ್ರದಲ್ಲಿ ಪ್ರಚೋದನೆಯ ಸಾಗಣೆ ತಗ್ಗುವುದನ್ನು ಅಳೆದು, ಅದರ ಆಧಾರದ ಮೇಲೆ ರೋಗಿಗಳಿಗೆ ಕೊಟ್ಟು ನೋಡಿದರು. 1984ರ ಅವರ ದ್ವಿ-ಅಂಧ ಪರೀಕ್ಷೆಯಲ್ಲಿ ಇದ್ದವರು ಹತ್ತೇ ರೋಗಿಗಳು. ಹೆಚ್ಚಿನವರಿಗೆ ಗುಣ ಕಂಡಿತು. ನಿಲ್ಲದ ಬಿಕ್ಕಳಿಕೆಗೆ ಬ್ಯಾಕ್ಲೊಫೆನ್ ಕೊಡುವುದು ಈಗ ಸಾಮಾನ್ಯ, ಆದರೆ 1992ರ ಹೆಸರಾದ ಪರೀಕ್ಷೆಯಲ್ಲಿ ಇದ್ದವರು ನಾಲ್ಕು ಮಂದಿ. ಬೆಕ್ಕಿನಲ್ಲಿ ಕೋಶದ ಸ್ಪಂದನ ತಗ್ಗಿತು, ಮನುಷ್ಯನ ನೋವು ತಗ್ಗಿತು, ಆದ್ದರಿಂದ ಎರಡನೆಯದಕ್ಕೆ ಮೊದಲನೆಯದೇ ಕಾರಣ ಎಂಬುದು ಒಳ್ಳೆಯ ಊಹೆ. ಸಾಬೀತಾದ ಸಂಗತಿ ಎಂದು ಅದನ್ನು ಬರೆಯುವುದು ಅವಸರವಾಯಿತು. ಅನ್ನನಾಳಕ್ಕೆ ಆಮ್ಲ ಮೇಲೇರುವುದನ್ನು ಈ ಔಷಧ ತಗ್ಗಿಸುತ್ತದಲ್ಲ, ಅಲ್ಲಿ ಇದೇ ಪಾಠ ಕಲಿಯಬೇಕಾಯಿತು. ಅದು ಪೂರ್ತಿ ಮಿದುಳುಕಾಂಡದ ವೇಗಸ್ ಕೇಂದ್ರದ ಕೆಲಸವೆಂದು ತೋರುತ್ತಿತ್ತು. ಹೊಟ್ಟೆಯಲ್ಲಿರುವ ವೇಗಸ್ ನರದ ತುದಿಗಳ ಮೇಲೂ ಬ್ಯಾಕ್ಲೊಫೆನ್ ವರ್ತಿಸುತ್ತದೆ ಎಂದು ಆಮೇಲೆ ಪ್ರಾಣಿಪ್ರಯೋಗಗಳು ತೋರಿಸಿದವು.

‘ಶಾಂತ’ ಪದಕ್ಕೆ ಬಿದ್ದ ದೊಡ್ಡ ಏಟು ನಡುಮಿದುಳಿನಿಂದ. ಅದೂ ಮಿದುಳುಕಾಂಡದ ಭಾಗವೇ. ಅಲ್ಲಿ ಡೋಪಮಿನ್ ಬಿಡುವ ಕೋಶಗಳಿವೆ, ಅವುಗಳನ್ನು ಹಿಡಿತದಲ್ಲಿಡುವ ಗಾಬಾ ಕೋಶಗಳೂ ಇವೆ. ಲ್ಯೂಷರ್, ಸ್ಲೆಸಿಂಗರ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದೇನೆಂದರೆ, ಗಾಬಾ ಕೋಶಗಳು ಕಡಿಮೆ ಸಾರತೆಗೇ ಮಣಿಯುತ್ತವೆ. ಡೋಪಮಿನ್ ಕೋಶಗಳಿಗೆ ಹೆಚ್ಚು ಬೇಕು, ಏಕೆಂದರೆ ಅವುಗಳಲ್ಲಿ ಗ್ರಾಹಕ ಮತ್ತು ಪೊಟ್ಯಾಸಿಯಮ್ ನಾಲೆಯ ನಡುವಿನ ಕೊಂಡಿ ಸಡಿಲ. ಫಲವೇನು? ಕಡಿಮೆ ಸಾರತೆಯಲ್ಲಿ ಕಾವಲುಗಾರ ಮಾತ್ರ ತೂಕಡಿಸುತ್ತಾನೆ, ಡೋಪಮಿನ್ ಕೋಶದ ಚಟುವಟಿಕೆ ಏರುತ್ತದೆ. ಹೆಚ್ಚು ಸಾರತೆಯಲ್ಲಿ ಎರಡೂ ತಗ್ಗುತ್ತವೆ. ಒಂದೇ ಔಷಧ, ಒಂದೇ ಜಾಗ. ಪ್ರಮಾಣ ಬದಲಾದಂತೆ ಪರಿಣಾಮದ ಚಿಹ್ನೆಯೇ ಬದಲು. ಬಿಡಿ ಕೋಶ ತಗ್ಗಿದ್ದರಿಂದ ಇಡೀ ಮಂಡಲ ತಗ್ಗಿತು ಎಂದು ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ. ಬ್ಯಾಕ್ಲೊಫೆನ್ ಅತಿಯಾದವರಲ್ಲಿ ಆಳವಾದ ಪ್ರಜ್ಞಾಹೀನತೆಯ ಜೊತೆಗೆ ಸೆಳವುಗಳೂ ಬರುವುದುಂಟು. ‘ಶಾಂತಗೊಳಿಸುವ’ ಔಷಧ ಸೆಳವು ತರುವುದೇಕೆ ಎಂದು ವಿದ್ಯಾರ್ಥಿ ಕೇಳಿದರೆ ಹಳೆಯ ವಾಕ್ಯದಲ್ಲಿ ಉತ್ತರವಿಲ್ಲ.

ಈಗ ಆರಂಭದಲ್ಲಿ ಬಾಕಿ ಉಳಿಸಿದ್ದ ಅಪಾಯ. ಅತಿಪ್ರಮಾಣದಲ್ಲಿ ಬ್ಯಾಕ್ಲೊಫೆನ್ ಸೇವಿಸಿದವರ ರಕ್ತದಲ್ಲಿ ಲೀಟರಿಗೆ ಕೆಲವು ಮಿಲಿಗ್ರಾಂ ಕಂಡ ಪ್ರಕರಣಗಳಿವೆ. 3 ಮಿಲಿಗ್ರಾಂ ಎಂದರೆ 14 ಮೈಕ್ರೊಮೋಲ್. ರಕ್ತದ್ದೆಲ್ಲ ಮಿದುಳಿಗೆ ಸೇರುವುದಿಲ್ಲ ನಿಜ, ಆದರೂ ಪ್ರಯೋಗಶಾಲೆಯ ಹೋಳು ಇರುವ ಸ್ಥಿತಿಯ ಕಡೆಗೆ ರೋಗಿಯ ಮಿದುಳುಕಾಂಡ ಸಾಗುತ್ತದೆ. ಆಗ ಕಣ್ಣಿನ ಪಾಪೆ ಬೆಳಕಿಗೆ ಕಿರಿದಾಗುವುದಿಲ್ಲ, ಗಂಟಲು ಮುಟ್ಟಿದರೆ ಕೆಮ್ಮಿಲ್ಲ, ಸ್ವಂತ ಉಸಿರಿಲ್ಲ. ಮಿದುಳುಕಾಂಡ ಸತ್ತಾಗ ಕಾಣುವ ಚಿಹ್ನೆಗಳೂ ಇವೇ. ಹೀಗೆ ಮಿದುಳು ಸಾವನ್ನೇ ಹೋಲುವ ಸ್ಥಿತಿಗೆ ಹೋಗಿ, ಕೃತಕ ಉಸಿರಾಟದ ನೆರವಿನಲ್ಲಿ ಕೆಲವು ದಿನಗಳಲ್ಲಿ ಪೂರ್ತಿ ಚೇತರಿಸಿಕೊಂಡವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಒಂದಕ್ಕಿಂತ ಹೆಚ್ಚಿವೆ.

ಭಾರತದ 1994ರ ಮಾನವ ಅಂಗಾಂಗ ಕಸಿ ಕಾಯಿದೆ ಮಿದುಳುಕಾಂಡದ ಸಾವನ್ನು ಒಪ್ಪುತ್ತದೆ. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಪರೀಕ್ಷೆಗೆ ಮೊದಲು ಮಿದುಳನ್ನು ಕುಗ್ಗಿಸುವ ಔಷಧಗಳು ಹಾಗೂ ನರಸ್ನಾಯು ಸಂಧಿಯನ್ನು ತಡೆಯುವ ಸಡಿಲಕಗಳು ಕಾರಣವಲ್ಲವೆಂದು ಖಚಿತಪಡಿಸಿಕೊಳ್ಳಬೇಕು ಎಂದು ನಮೂನೆಯಲ್ಲೇ ಇದೆ. ಕಾನೂನು ಎಚ್ಚರದಿಂದಿದೆ, ಅಂಗದಾನದ ಬಗ್ಗೆ ಇಲ್ಲಿ ಯಾರೂ ಅಳುಕಬೇಕಿಲ್ಲ. ನನ್ನ ತಕರಾರು ಹೆಸರಿನ ಮೇಲೆ. ಬ್ಯಾಕ್ಲೊಫೆನ್ ‘ಸ್ನಾಯು ಸಡಿಲಕ’ ಎಂದು ಕಲಿತವರು ಅದನ್ನು ಎರಡನೆಯ ಪಟ್ಟಿಯಲ್ಲಿ ಹುಡುಕುತ್ತಾರೆ. ಆ ಪಟ್ಟಿಯ ಔಷಧಗಳನ್ನು ಪತ್ತೆ ಮಾಡಲು ಮುಂಗೈಯ ನರಕ್ಕೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಹೆಬ್ಬೆರಳು ಅದುರುತ್ತದೆಯೇ ಎಂದು ನೋಡುವ ಉಪಕರಣವಿದೆ. ಬ್ಯಾಕ್ಲೊಫೆನ್ ಎಷ್ಟೇ ಇದ್ದರೂ ಹೆಬ್ಬೆರಳು ಅದುರುತ್ತದೆ, ಏಕೆಂದರೆ ಆ ಸಂಧಿಯನ್ನು ಅದು ಮುಟ್ಟಿಯೇ ಇಲ್ಲ. ಸೇರಬೇಕಾದ್ದು ಮೊದಲ ಪಟ್ಟಿಗೆ.

ಆರು ಗಂಟೆಯ ಅಂತರವನ್ನೂ ಲೆಕ್ಕ ಹಾಕೋಣ, ವಿಕಿರಣಶೀಲತೆಯ ಪಾಠದ ಸೂತ್ರವೇ ಸಾಕು. ಆರೋಗ್ಯವಂತರಲ್ಲಿ ಈ ಔಷಧದ ಅರ್ಧಾಯು ಸುಮಾರು 3ರಿಂದ 4 ಗಂಟೆ. 4 ಎಂದು ಹಿಡಿದರೆ ಆರು ಗಂಟೆಯ ನಂತರ ಉಳಿಯುವುದು ಶೇಕಡಾ 35. ಆದರೆ ಬ್ಯಾಕ್ಲೊಫೆನ್‌ನ ಬಹುಪಾಲು ರೂಪ ಬದಲಿಸದೆ ಮೂತ್ರಪಿಂಡದ ಮೂಲಕವೇ ಹೊರಹೋಗುವಂಥದ್ದು. ಮೂತ್ರಪಿಂಡ ಕೆಟ್ಟವರಲ್ಲಿ ಅರ್ಧಾಯು 24 ಗಂಟೆಗೆ ಹಿಗ್ಗಿತೆಂದು ಭಾವಿಸಿದರೆ, ಆರು ಗಂಟೆಯ ನಂತರವೂ ಶೇಕಡಾ 84 ಉಳಿದಿರುತ್ತದೆ. ಎರಡನೆಯ ಪರೀಕ್ಷೆ ಮೊದಲನೆಯದರ ಪುನರಾವರ್ತನೆ ಅಷ್ಟೆ. ಮೂತ್ರಪಿಂಡ ಸೋತವರಿಗೇ ನಿಲ್ಲದ ಬಿಕ್ಕಳಿಕೆಯ ಕಾಟ ಹೆಚ್ಚು, ಅದಕ್ಕೆ ಬರೆಯುವ ಮಾತ್ರೆಗಳಲ್ಲಿ ಇದೂ ಒಂದು ಎಂಬುದನ್ನು ನೆನೆದರೆ ಲೆಕ್ಕ ಬರೀ ಕಾಗದದ್ದಲ್ಲ. ಅಂಥವರಲ್ಲಿ ಸಾಧಾರಣ ಪ್ರಮಾಣವೇ ಗೊಂದಲ, ಮಂಪರು ತರುತ್ತದೆ. ಡಯಾಲಿಸಿಸ್ ಮಾಡಿದರೆ ಇಳಿಯುತ್ತದೆ.

ಈ ಲೆಕ್ಕಗಳನ್ನು ತರಗತಿಯಲ್ಲಿ ಬಳಸುವ ಉಪಾಧ್ಯಾಯರಿಗೆ ಒಂದು ಸೂಚನೆ. ನಿಮ್ಮ ವಿದ್ಯಾರ್ಥಿಗಳ ಮನೆಯಲ್ಲಿ ಯಾರಾದರೂ ಈ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಹೆದರಿ ಒಮ್ಮೆಗೇ ನಿಲ್ಲಿಸಿದರೆ ಇಲ್ಲದ್ದು ಕಾಣುವುದು, ಸೆಳವು, ಸೆಡೆತ ಮೊದಲಿಗಿಂತ ಜೋರಾಗಿ ಮರಳುವುದು ಇವೆಲ್ಲ ಆಗುತ್ತವೆ. ಪಂಪು ಕೆಟ್ಟು ಔಷಧ ನಿಂತವರಲ್ಲಿ ತೀವ್ರ ಜ್ವರವೂ ಬರುತ್ತದೆ. ನಿಲ್ಲಿಸುವುದಿದ್ದರೆ ವೈದ್ಯರ ಸಲಹೆಯಂತೆ ಕೆಲವು ವಾರಗಳಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕೆಂದು ಅವರಿಗೆ ಅದೇ ತರಗತಿಯಲ್ಲಿ ಹೇಳಿ.